ದೊಡ್ಡಿಯ ದಂಡ, ನೀರಿನ ಪರೀಕ್ಷೆ: ಊರಿನ ಶುಲ್ಕಕ್ಕೆ ಲೆಕ್ಕ ಎಲ್ಲಿದೆ?

ಹೆಸರು ರಾಶಿ ಮುಗಿದು, ಹತ್ತಿ ಕಾಯಿ ಕಟ್ಟಿ, ತೊಗರಿ ಹೂವಿಗೆ ಬರುವ ಹೊತ್ತಿಗೆ ಯಾದಗಿರಿ ಸೀಮೆಯ ಹಳ್ಳಿಗಳಲ್ಲಿ ದನದ ತಕರಾರು ಶುರುವಾಗುತ್ತದೆ. ರಾತ್ರಿ ಬಿಟ್ಟ ದನ ಬೆಳಗಾಗುವಷ್ಟರಲ್ಲಿ ಯಾರದೋ ಹೊಲದ ನಾಲ್ಕು ಸಾಲು ಮೇದು ಮುಗಿಸಿರುತ್ತದೆ. ಹೊಲದವರು ಅದನ್ನು ಹಿಡಿದು ಊರೊಳಗೆ ಹೊಡೆದುಕೊಂಡು ಬರುತ್ತಾರೆ. ಹಿರಿಯರು ಕಟ್ಟೆಗೆ ಕೂತು ಮಾತಾಡಿಸಿದರೆ ಬಗೆಹರಿಯುವುದೂ ಉಂಟು. ಬಗೆಹರಿಯದಿದ್ದರೆ ದನ ದೊಡ್ಡಿಗೆ ಹೋಗಬೇಕು. ಬಳಿಚಕ್ರದಂಥ ಹೋಬಳಿ ಊರಿನಲ್ಲಿ ಕಷ್ಟದ ಪ್ರಶ್ನೆಗಳು ಏಳುವುದು ಆಮೇಲೆಯೇ. ದೊಡ್ಡಿಯಲ್ಲಿ ಕಟ್ಟಿದ ದನಕ್ಕೆ ಮೇವು ಹಾಕುವವರು ಯಾರು? ಬಿಡಿಸಿಕೊಳ್ಳಲು ಬಂದವರು ಎಷ್ಟು ಕಟ್ಟಬೇಕು? ಆ ಮೊತ್ತ ಗೊತ್ತುಮಾಡಿದವರು ಯಾರು, ಯಾವ ಲೆಕ್ಕದ ಮೇಲೆ?

ಅದೇ ಊರಿನ ಇನ್ನೊಂದು ಓಣಿಯಲ್ಲಿ ಬೇರೆ ಚಿಂತೆ. ಬೋರ್‌ವೆಲ್ ನೀರು ಕುಡಿದ ಮಕ್ಕಳಿಗೆ ಹೊಟ್ಟೆ ಕೆಡುತ್ತಿದೆ, ಇಲ್ಲವೇ ಹಲ್ಲಿನ ಮೇಲೆ ಕಂದು ಕಲೆ ಕಾಣಿಸುತ್ತಿದೆ. ಒಂದು ಬಾಟಲಿ ನೀರು ತುಂಬಿಸಿ ಪ್ರಯೋಗಾಲಯಕ್ಕೆ ಒಯ್ದರೆ ಗೊತ್ತಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿನ ಖರ್ಚು ಆ ಮನೆಯವರದೋ, ಊರಿನದೋ, ಸರ್ಕಾರದ್ದೋ?

ಒಂದು ದನದ ಮಾತು, ಇನ್ನೊಂದು ಜನರ ಆರೋಗ್ಯದ ಮಾತು. ಆದರೆ ಸ್ಥಳೀಯ ಆಡಳಿತಕ್ಕೆ ಎರಡೂ ಒಂದೇ ಪ್ರಶ್ನೆ ಒಡ್ಡುತ್ತವೆ: ಸೇವೆಗೆ ಹಣ ಪಡೆಯಬೇಕೇ, ಪಡೆದರೆ ಎಷ್ಟು?

ಸರ್ಕಾರ ಜನರಿಂದ ಪಡೆಯುವ ಹಣ ಮುಖ್ಯವಾಗಿ ಎರಡು ಬಗೆಯದು. ತೆರಿಗೆ ಎಲ್ಲರ ಮೇಲೂ ಬೀಳುತ್ತದೆ, ಬೊಕ್ಕಸಕ್ಕೆ ಸೇರುತ್ತದೆ, ಯಾವ ಕೆಲಸಕ್ಕಾದರೂ ಬಳಕೆಯಾಗುತ್ತದೆ. ಶುಲ್ಕ ಹಾಗಲ್ಲ, ಕೊಟ್ಟ ಸೇವೆಗೂ ಪಡೆದ ಹಣಕ್ಕೂ ಸಂಬಂಧ ಇರಬೇಕು. ಭಾರತದ ಕಾನೂನಿನಲ್ಲಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದ ಮೊಕದ್ದಮೆ ಉಡುಪಿಯದು. ಉಡುಪಿ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಅಲ್ಲಿನ 1951ರ ಧಾರ್ಮಿಕ ದತ್ತಿ ಕಾಯ್ದೆಯ 76ನೇ ಪ್ರಕರಣ ಮಠ ಮತ್ತು ದೇವಸ್ಥಾನಗಳ ಆದಾಯದಲ್ಲಿ ಶೇ 5ರವರೆಗೆ ವಾರ್ಷಿಕ ವಂತಿಗೆ ಕೇಳುತ್ತಿತ್ತು. ಶೀರೂರು ಮಠದ ಶ್ರೀ ಲಕ್ಷ್ಮೀಂದ್ರ ತೀರ್ಥರ ಪ್ರಕರಣದಲ್ಲಿ 1954ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಹಣ ರಾಜ್ಯದ ಸಂಚಿತ ನಿಧಿಗೆ ಹೋಗುತ್ತಿದೆ, ಸೇವೆಯ ಖರ್ಚಿಗೂ ಅದಕ್ಕೂ ನಂಟಿಲ್ಲ, ಹೀಗಾಗಿ ಇದು ಶುಲ್ಕವಲ್ಲ, ತೆರಿಗೆ ಎಂದಿತು. ರಾಜ್ಯಕ್ಕೆ ಆ ಅಧಿಕಾರ ಇರಲಿಲ್ಲವಾದ್ದರಿಂದ ವಂತಿಗೆ ಬಿದ್ದುಹೋಯಿತು. ಮುಂದೆ 1983ರಲ್ಲಿ ಆಂಧ್ರಪ್ರದೇಶದ ಮಾರುಕಟ್ಟೆ ಶುಲ್ಕದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಈ ನಿಯಮವನ್ನು ಸ್ವಲ್ಪ ಸಡಿಲಿಸಿತು. ಪೈಸೆಗೆ ಪೈಸೆ ಲೆಕ್ಕ ಹೊಂದಬೇಕಿಲ್ಲ, ಒಟ್ಟಾರೆ ಸಂಬಂಧ ಕಂಡರೆ ಸಾಕು ಎಂಬುದು ಇಂದಿನ ನಿಲುವು. ಆದರೆ ಸೇವೆಯ ಶುಲ್ಕಕ್ಕೆ ಲೆಕ್ಕವೇ ಬೇಡ ಎಂದು ಇದರ ಅರ್ಥವಲ್ಲ.

ಪಂಚಾಯಿತಿಗಳಿಗೆ ತೆರಿಗೆ, ಶುಲ್ಕ ವಿಧಿಸುವ ಅಧಿಕಾರ ಸಂವಿಧಾನದ 243ಎಚ್ ವಿಧಿಯಿಂದ, ರಾಜ್ಯದ ಕಾನೂನಿನ ಮೂಲಕ ಬರುತ್ತದೆ. ಕರ್ನಾಟಕದಲ್ಲಿ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 199ನೇ ಪ್ರಕರಣ ಮನೆ ತೆರಿಗೆ, ನೀರಿನ ದರ, ಸಂತೆ ಶುಲ್ಕದ ಜೊತೆಗೆ ಮಾರಾಟಕ್ಕೆ ತಂದ ದನಗಳ ನೋಂದಣಿ ಶುಲ್ಕ, ಗೋಮಾಳದಲ್ಲಿ ಮೇಯಿಸುವ ಶುಲ್ಕಗಳನ್ನೂ ಹೆಸರಿಸುತ್ತದೆ. ದನಕರುಗಳ ವಿಷಯ ಪಂಚಾಯಿತಿಗೆ ಹೊಸದೇನಲ್ಲ.

ದೊಡ್ಡಿಯಂತೂ ಇನ್ನೂ ಹಳೆಯದು. ಉತ್ತರ ಕರ್ನಾಟಕದ ಹಲವೆಡೆ ಕೊಂಡವಾಡ ಎಂದು ಕರೆಯುವ ಈ ಆವರಣಕ್ಕೆ ಬ್ರಿಟಿಷ್ ಭಾರತದಲ್ಲಿ 1871ರಲ್ಲೇ ಜಾನುವಾರು ಅತಿಕ್ರಮಣ ಕಾಯ್ದೆ ಬಂತು. ಅದರಲ್ಲಿದ್ದ ದರಪಟ್ಟಿ ಇವತ್ತಿಗೂ ಓದುವಂತಿದೆ. ಆನೆಗೆ 2 ರೂಪಾಯಿ. ಒಂಟೆ, ಎಮ್ಮೆಗೆ 8 ಆಣೆ. ಕುದುರೆ, ಎತ್ತು, ಆಕಳಿಗೆ 4 ಆಣೆ. ಕರು, ಕತ್ತೆ, ಹಂದಿಗೆ 2 ಆಣೆ. ಕುರಿ, ಮೇಕೆಗೆ 1 ಆಣೆ. ಆನೆಯೊಂದರ ದಂಡ 32 ಕುರಿಗಳ ದಂಡಕ್ಕೆ ಸಮ. ಮಾಡಬಹುದಾದ ಹಾನಿಗೆ ತಕ್ಕಂತೆ ದಂಡ ಎಂಬ ಸರಳ ತರ್ಕ ಅದರಲ್ಲಿದೆ.

ಆ ಕಾಯ್ದೆಯಲ್ಲಿ ಅದಕ್ಕಿಂತ ಮುಖ್ಯವಾದ ಇನ್ನೆರಡು ಸಂಗತಿಗಳಿದ್ದವು. ದಂಡ ಬೇರೆ, ಮೇವು ನೀರಿನ ಖರ್ಚು ಬೇರೆ ಎಂದು ಅದು ವಿಂಗಡಿಸಿತ್ತು. ಮೇವು ನೀರಿನ ದರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ಗೊತ್ತುಮಾಡಬೇಕು, ಕಾಲಕಾಲಕ್ಕೆ ಬದಲಿಸಬಹುದು. ಎರಡನೆಯದಾಗಿ, ಎರಡೂ ದರಗಳ ಪಟ್ಟಿಯನ್ನು ದೊಡ್ಡಿಯ ಹತ್ತಿರ ಎಲ್ಲರ ಕಣ್ಣಿಗೆ ಬೀಳುವ ಕಡೆ ಅಂಟಿಸಬೇಕು. 7 ದಿನದೊಳಗೆ ಯಾರೂ ಬರದಿದ್ದರೆ ಠಾಣೆಗೆ ವರದಿ, ನೋಟಿಸು. ಮತ್ತೆ 7 ದಿನ ಕಾದು ಹರಾಜು. ಇಷ್ಟು ಹಳೆಯ ಕಾಯ್ದೆ ಇಷ್ಟು ಸ್ಪಷ್ಟವಾಗಿರುವಾಗ ಇವತ್ತಿನ ಆಡಳಿತ ಅಸ್ಪಷ್ಟವಾಗಿರಲು ಯಾವ ಕಾರಣವೂ ಇಲ್ಲ.

ಯಾದಗಿರಿ, ಶಹಾಪುರ, ಸುರಪುರ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬ್ರಿಟಿಷ್ ಭಾರತದ ಕಾಯ್ದೆ ಇಲ್ಲಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಬೇರೆ ಬೇರೆ ಆಡಳಿತಗಳ ಪ್ರದೇಶಗಳು ಒಂದಾದ ಮೇಲೆ, 1966ರ ಜಾನುವಾರು ಅತಿಕ್ರಮಣ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ನಿಯಮ ತಂದಿತು. 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾಯಿತು. ಜಿಲ್ಲಾ ಕೇಂದ್ರ ಹತ್ತಿರವಾಯಿತು, ದರ ಗೊತ್ತುಮಾಡುವ ಅಧಿಕಾರಿಗಳೂ ಹತ್ತಿರವಾದರು.

ಈಗ ಲೆಕ್ಕಕ್ಕೆ ಬರೋಣ. ಒಂದು ಆಕಳನ್ನು ಒಂದು ದಿನ ಇಟ್ಟುಕೊಳ್ಳಲು ಎಷ್ಟು ಬೀಳುತ್ತದೆ? 300 ಕೆ.ಜಿ. ತೂಕದ ದನ ದಿನಕ್ಕೆ ತನ್ನ ತೂಕದ ಶೇ 2.5ರಷ್ಟು ಒಣಮೇವು ತಿನ್ನುತ್ತದೆ ಎಂದಿಟ್ಟುಕೊಂಡರೆ ಏಳೂವರೆ ಕೆ.ಜಿ. ಬೇಕು. ಜೋಳದ ಕಣಿಕೆ, ತೊಗರಿ ಹೊಟ್ಟು, ಭತ್ತದ ಹುಲ್ಲಿನ ಬೆಲೆ ಹಂಗಾಮಿಗೆ ತಕ್ಕಂತೆ ಏರಿಳಿಯುತ್ತದೆ. ಲೆಕ್ಕದ ಬಗೆ ತೋರಿಸುವುದಕ್ಕಷ್ಟೇ ಕೆ.ಜಿ.ಗೆ 8 ರೂಪಾಯಿ ಹಿಡಿದರೆ ಮೇವಿಗೆ 60 ರೂಪಾಯಿ. ಇನ್ನು ಕಾವಲು. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಹಗಲಿಗೊಬ್ಬರು, ರಾತ್ರಿಗೊಬ್ಬರು ಎಂದರೆ 740. ದೊಡ್ಡಿಯಲ್ಲಿ ಹತ್ತು ದನ ಇದ್ದರೆ ತಲೆಗೆ 74. ಒಟ್ಟು 134 ರೂಪಾಯಿ. ಆದರೆ ದೊಡ್ಡಿಯಲ್ಲಿ ಒಂದೇ ದನ ಇದ್ದ ದಿನ? ಮೇವಿನ 60, ಕಾವಲಿನ 740, ಒಟ್ಟು 800.

ಶುಲ್ಕ ನಿಗದಿಯ ನಿಜವಾದ ತೊಡಕು ಇರುವುದು ಇಲ್ಲಿ. ಮೇವು ದನದ ಜೊತೆ ಏರುತ್ತದೆ, ಇಳಿಯುತ್ತದೆ. ಕಾವಲುಗಾರನ ಪಗಾರ, ಗೋಡೆ, ನೀರಿನ ತೊಟ್ಟಿ, ಚಾವಣಿಯ ಖರ್ಚು ದನ ಬಂದರೂ ಇದೆ, ಬಾರದಿದ್ದರೂ ಇದೆ. ಎರಡನೆಯ ಖರ್ಚನ್ನೆಲ್ಲ ಅಂದು ಸಿಕ್ಕಿಬಿದ್ದ ಒಂದು ದನದ ಒಡೆಯನ ತಲೆಗೆ ಹೊರಿಸುವುದು ನ್ಯಾಯವಲ್ಲ. ದೊಡ್ಡಿ ತೆರೆದಿರುವುದರಿಂದ ಹೊಲ ಉಳಿಯುವುದು ಇಡೀ ಊರಿಗೆ. ಅದರ ಪಾಲು ಇಡೀ ಊರಿನ ತೆರಿಗೆಯಿಂದ ಬರಬೇಕು. ಮೇವು, ನೀರು, ಔಷಧಿಯ ಖರ್ಚು ಮಾತ್ರ ಒಡೆಯರಿಂದ ಪೂರ್ತಿ ಬರಬೇಕು. ಅದರ ಮೇಲೆ ದಂಡ ಪ್ರತ್ಯೇಕ: ಮೊದಲ ಸಲಕ್ಕೆ ಕಡಿಮೆ, ಮತ್ತೆ ಮತ್ತೆ ಬಿಟ್ಟರೆ ಹೆಚ್ಚು.

ಹೋಲಿಕೆಗೆ ಸರ್ಕಾರದ್ದೇ ಒಂದು ಅಂಕಿ ಇದೆ. 2022ರಲ್ಲಿ ಶುರುವಾದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಗೋಶಾಲೆಯ ಒಂದು ರಾಸನ್ನು ವರ್ಷಕ್ಕೆ ದತ್ತು ಪಡೆಯಲು 11,000 ರೂಪಾಯಿ. ದಿನಕ್ಕೆ ಬಂದದ್ದು ಸುಮಾರು 30 ರೂಪಾಯಿ. ಮೇಲಿನ ಲೆಕ್ಕದ ಮೇವಿನ ಅರ್ಧಕ್ಕೆ ಅದು ಸಾಕಾಗುತ್ತದೆ. ದಾನಕ್ಕೆ ನಿಗದಿಯಾದ ಮೊತ್ತವನ್ನು ಖರ್ಚಿನ ಅಳತೆಯೆಂದು ಪಂಚಾಯಿತಿಗಳು ತೆಗೆದುಕೊಳ್ಳಬಾರದು.

ಹಾಗೆಂದು ಶುಲ್ಕವನ್ನು ಎಷ್ಟು ಬೇಕಾದರೂ ಏರಿಸಬಹುದೇ? ಇಲ್ಲ. ದನದ ಬೆಲೆಯೇ ಅದಕ್ಕೆ ಮಿತಿ. ಕರಾವಿನ ಎಮ್ಮೆಗೆ, ಉಳುವ ಎತ್ತಿಗೆ ಒಡೆಯರು ಸಾಲ ಮಾಡಿಯಾದರೂ ಹಣ ಕಟ್ಟುತ್ತಾರೆ. ಹಾಲು ಬತ್ತಿದ ಆಕಳಿಗೆ, ನೊಗ ಹೊರಲಾರದ ಮುದಿ ಎತ್ತಿಗೆ ಯಾರು ಕಟ್ಟುತ್ತಾರೆ? 2020ರ ಗೋಹತ್ಯೆ ಪ್ರತಿಬಂಧಕ ಮತ್ತು ಜಾನುವಾರು ಸಂರಕ್ಷಣಾ ಕಾಯ್ದೆಯ ನಂತರ 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಬಿಟ್ಟರೆ ಬೇರಾವ ಜಾನುವಾರನ್ನೂ ವಧೆಗೆ ಮಾರುವಂತಿಲ್ಲ. ಮುದಿ ದನಕ್ಕೆ ಸಂತೆಯಲ್ಲಿ ಗಿರಾಕಿ ಕಡಿಮೆ. ದೊಡ್ಡಿಯ ಶುಲ್ಕ ಅದರ ಬೆಲೆಗಿಂತ ಹೆಚ್ಚಾದ ದಿನ ಒಡೆಯರು ಬರುವುದನ್ನೇ ಬಿಡುತ್ತಾರೆ. ದನ ಪಂಚಾಯಿತಿಯ ಪಾಲಾಗುತ್ತದೆ, ಮೇವಿನ ಖರ್ಚು ಶಾಶ್ವತವಾಗುತ್ತದೆ.

ಬಡವರ ವಿಷಯದಲ್ಲಿ ಕೇಂದ್ರದ ಕಾನೂನು ದಾರಿ ತೋರಿಸಿದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 35ನೇ ಪ್ರಕರಣದ ಪ್ರಕಾರ, ವಶಪಡಿಸಿಕೊಂಡ ಪ್ರಾಣಿಯನ್ನು ಸಾಗಿಸುವ, ಸಾಕುವ, ಚಿಕಿತ್ಸೆ ಕೊಡಿಸುವ ಖರ್ಚನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ಗೊತ್ತುಮಾಡಿದ ದರದಂತೆ ಒಡೆಯರೇ ಕೊಡಬೇಕು. ಒಡೆಯರು ಬಡವರಾಗಿದ್ದು ಮ್ಯಾಜಿಸ್ಟ್ರೇಟರು ಆದೇಶಿಸಿದರೆ ಚಿಕಿತ್ಸೆಯ ಖರ್ಚು ಪಡೆಯುವಂತಿಲ್ಲ. ಗುಳೆ ಹೋಗಿ ಬೆಂಗಳೂರು, ಪುಣೆಯಲ್ಲಿ ಗಾರೆ ಕೆಲಸ ಮಾಡುವ ಕುಟುಂಬಗಳು, ಊರಲ್ಲಿ ಮುದುಕರ ಕೈಗೆ ದನ ಬಿಟ್ಟು ಹೋದ ಮನೆಗಳು ಇರುವ ಈ ಜಿಲ್ಲೆಯಲ್ಲಿ ಇಂಥ ವಿನಾಯಿತಿಯನ್ನು ಪಂಚಾಯಿತಿಯ ಠರಾವಿನಲ್ಲೂ ಬರೆಯಬೇಕು.

ಪ್ರಾಣಿಗಳನ್ನು ಹಿಡಿದಿಡುವ ಖರ್ಚು ದೊಡ್ಡಿಗಷ್ಟೇ ಸೀಮಿತವಲ್ಲ. ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಸಂಕ್ರಾಂತಿಗೆ ಮಲ್ಲಯ್ಯನ ಜಾತ್ರೆ. ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆಯನ್ನು ನಿಷೇಧಿಸಿದ ಮೇಲೆ ಜಿಲ್ಲಾಡಳಿತ ದಾರಿಗಳಲ್ಲಿ ಚೆಕ್‌ಪೋಸ್ಟ್ ಹಾಕಿ, ಭಕ್ತರು ತಂದ ಮರಿಗಳನ್ನು ವಶಕ್ಕೆ ಪಡೆಯುತ್ತದೆ. ಹಾಗೆ ಪಡೆದ ಮರಿಗಳಿಗೆ ನೆರಳು, ಮೇವು, ಪಶುವೈದ್ಯರ ಕಣ್ಣು ಬೇಕು. ಪ್ರಾಣಿಯನ್ನು ಹಿಡಿಯುವ ಆದೇಶ ಒಂದು ಸಾಲಿನದು, ಹಿಡಿದ ಮೇಲಿನ ಖರ್ಚು ದಿನದಿನದ್ದು. ಹೆದ್ದಾರಿಗಳಿಂದ ಬಿಡಾಡಿ ದನಗಳನ್ನು ತೆರವು ಮಾಡಿ ಆಶ್ರಯಗಳಿಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದ ಮೇಲಂತೂ ಈ ಖರ್ಚಿನ ಪ್ರಶ್ನೆ ಇಡೀ ದೇಶದ್ದಾಗಿದೆ.

ಪ್ರಯೋಗಾಲಯದ ವಿಷಯದಲ್ಲಿ ಇದೇ ತರ್ಕ ನಡೆಯುವುದಿಲ್ಲ.

ದನ ಬಿಟ್ಟವರು ಊರಿಗೆ ತೊಂದರೆ ಕೊಟ್ಟಿದ್ದಾರೆ. ಅವರಿಂದ ಹಣ ಪಡೆದರೆ ತೊಂದರೆ ಕಡಿಮೆಯಾಗುತ್ತದೆ. ನೀರಿನ ಬಾಟಲಿ ಹಿಡಿದು ಬಂದವರು ಊರಿಗೆ ಉಪಕಾರ ಮಾಡುತ್ತಿದ್ದಾರೆ. ಅವರಿಂದ ಹಣ ಕೇಳಿದರೆ ಬರುವವರೇ ಕಡಿಮೆಯಾಗುತ್ತಾರೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕಥೆ ಇದಕ್ಕೆ ಕಟುವಾದ ಸಾಕ್ಷಿ. ಹಿಂದೆ ಚಿನ್ನದ ಗಣಿಗಾರಿಕೆ ನಡೆದ, ಇದೇ ಸೀಮೆಯ ಮಂಗಳೂರು ಎಂಬ ಊರಿನ ಸುತ್ತಲಿನ ಶಿಲಾಪಟ್ಟಿಯಲ್ಲಿ ಈ ತಾಂಡಾ ಇದೆ. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಅವರ ಜೊತೆಗಾರರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪ್ರದೇಶದ 59 ಕೊಳವೆಬಾವಿಗಳ ನೀರು ಪರೀಕ್ಷಿಸಿದರು. ಶೇ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಅಷ್ಟೇ. ಒಂದು ಕಡೆ 303 ಮೈಕ್ರೋಗ್ರಾಂವರೆಗೆ ಇತ್ತು. ಜನರ ಚರ್ಮದ ಮೇಲೆ ಕಪ್ಪು ಬಿಳಿ ಕಲೆ, ಅಂಗೈ ಅಂಗಾಲಿನಲ್ಲಿ ಗಡುಸು ಗಂಟುಗಳು ಎದ್ದಿದ್ದವು.

ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುಡಿದವರಿಗೆ ವರ್ಷಗಳ ನಂತರ ಮೈಮೇಲೆ ಗೊತ್ತಾಗುತ್ತದೆ. ಪರೀಕ್ಷೆಯ ಹೊರತು ಬೇರೆ ದಾರಿಯೇ ಇಲ್ಲ. ಇಂಥ ಪರೀಕ್ಷೆಗೆ ಒಬ್ಬ ಕೂಲಿಕಾರರಿಂದ ಒಂದು ದಿನದ ಕೂಲಿ ಕೇಳುವುದು ತಪ್ಪು. ಅವರ ಬಾಟಲಿಯಿಂದ ಸಿಗುವ ಮಾಹಿತಿ ಆ ಕೊಳವೆಬಾವಿಯ ನೀರು ಕುಡಿಯುವ ಎಲ್ಲ ಮನೆಗಳದ್ದು. 2023ರ ಫೆಬ್ರುವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಇಬ್ಬರು ಮಹಿಳೆಯರು ತೀರಿಕೊಂಡರು, ಅನೇಕರು ಆಸ್ಪತ್ರೆ ಸೇರಿದರು. ಪರೀಕ್ಷೆ ಮಾಡದೆ ಉಳಿಸಿದ ಹಣದ ಎಷ್ಟೋ ಪಟ್ಟು ಆಸ್ಪತ್ರೆಯಲ್ಲಿ ಖರ್ಚಾಗುತ್ತದೆ.

ಎಲ್ಲ ಪರೀಕ್ಷೆಗೂ ದೊಡ್ಡ ಯಂತ್ರ ಬೇಡ. ಕೇಂದ್ರದ ಕುಡಿಯುವ ನೀರಿನ ಯೋಜನೆಯಾದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಕೊಟ್ಟು ತರಬೇತಿ ನೀಡಲು ಹೇಳಿದೆ. ಅದರ ಜೊತೆ ಬಳಸುವ ಸಣ್ಣ ಸೀಸೆಯೊಂದಿದೆ. ಗುರುತಿನವರೆಗೆ ನಲ್ಲಿ ನೀರು ತುಂಬಿ, ಮುಚ್ಚಳ ಬಿಗಿಮಾಡಿ, ಒಂದೆರಡು ದಿನ ಮನೆಯೊಳಗೇ ಇಡಬೇಕು. ನೀರು ಕಪ್ಪಾದರೆ ಅದರಲ್ಲಿ ಮಲಮೂತ್ರದಿಂದ ಬರುವಂಥ ರೋಗಾಣುಗಳಿರುವ ಸಂಭವ ಹೆಚ್ಚು, ಕುದಿಸದೆ ಕುಡಿಯಬಾರದು. ಅಕ್ಷರ ಬಾರದವರೂ ಈ ಉತ್ತರ ಓದಬಲ್ಲರು. ಫ್ಲೋರೈಡ್, ನೈಟ್ರೇಟ್‌ಗೆ ಬಣ್ಣ ನೋಡುವ ಕಿಟ್ ಸಾಕು. ಆರ್ಸೆನಿಕ್ ಎಷ್ಟಿದೆ ಎಂಬ ಖಚಿತ ಉತ್ತರಕ್ಕೆ ಮಾತ್ರ ಜಿಲ್ಲೆಯ ಅಥವಾ ಅದಕ್ಕೂ ಮೇಲಿನ ಪ್ರಯೋಗಾಲಯ ಬೇಕು. 2021ರಿಂದ ಈ ಯೋಜನೆಯ ನೀರಿನ ಪ್ರಯೋಗಾಲಯಗಳು ಸಾರ್ವಜನಿಕರಿಗೂ ಅಲ್ಪ ದರದಲ್ಲಿ ತೆರೆದಿರಬೇಕೆಂದು ಕೇಂದ್ರ ಹೇಳಿದೆ. ಆ ಅಲ್ಪ ದರವನ್ನೂ ಪಂಚಾಯಿತಿಯೇ ಭರಿಸುವುದು ಲೇಸು.

ರಕ್ತ, ಕಫ, ಮೂತ್ರದ ಪರೀಕ್ಷೆಯಲ್ಲೂ ಇದೇ ಮಾತು. 2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನ ಉಚಿತ ರೋಗಪತ್ತೆ ಸೇವೆಯನ್ನು ಶುರುಮಾಡಿತು. ಅದರ ಪರಿಷ್ಕೃತ ಪಟ್ಟಿಯಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 63, ಜಿಲ್ಲಾ ಆಸ್ಪತ್ರೆಯಲ್ಲಿ 134 ಬಗೆಯ ಪರೀಕ್ಷೆಗಳು ಉಚಿತವಾಗಿ ಸಿಗಬೇಕು. ಪಟ್ಟಿಯಲ್ಲಿದ್ದೂ ಕೇಂದ್ರದಲ್ಲಿ ಸಿಗದ ಪರೀಕ್ಷೆಗೆ ರೋಗಿ ಪಟ್ಟಣದ ಖಾಸಗಿ ಲ್ಯಾಬಿಗೆ ಹೋಗುತ್ತಾರೆ. ಬಸ್ ಚಾರ್ಜು, ಒಂದು ದಿನದ ಕೂಲಿ, ಲ್ಯಾಬಿನ ಬಿಲ್ಲು ಎಲ್ಲ ಅವರದೇ. ತಂತ್ರಜ್ಞರ ಹುದ್ದೆ ಖಾಲಿ ಬಿಡುವುದು, ರಾಸಾಯನಿಕ ತರಿಸದಿರುವುದು ಕೂಡ ಬಡವರ ಮೇಲೆ ಹಾಕಿದ ಶುಲ್ಕವೇ.

ದೊಡ್ಡ ಆಸ್ಪತ್ರೆಗಳಲ್ಲಿ ಬಳಕೆದಾರರ ಶುಲ್ಕ ಇದೆ. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಮುಂತಾದ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿಯ ದರ 10ರಿಂದ 20 ರೂಪಾಯಿಗೆ ಏರಿದಾಗ ರಾಜ್ಯದಾದ್ಯಂತ ಚರ್ಚೆಯಾಯಿತು. ಹತ್ತು ರೂಪಾಯಿ ಏರಿಕೆಗೆ ಇಷ್ಟು ಗದ್ದಲವೇ ಎಂದವರೂ ಇದ್ದರು. ದರ ಏರಿಸುವ ಮೊದಲು ಖರ್ಚಿನ ಲೆಕ್ಕ ಮುಂದಿಟ್ಟು ಜನರನ್ನು ಕೇಳಿದ್ದರೆ ಚರ್ಚೆಯ ದಿಕ್ಕೇ ಬೇರೆಯಾಗುತ್ತಿತ್ತು.

ಲೆಕ್ಕ ಮುಂದಿಡುವ ಈ ಹೊಣೆಯನ್ನು ಕಾನೂನಿನಲ್ಲೇ ಬರೆದ ಕಡೆಯೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಿಡಾಡಿ ನಾಯಿಗಳ ಆಶ್ರಯ, ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ಎರಡನ್ನೂ ಹಲವೆಡೆ ಕೌಂಟಿ ಎಂಬ ಸ್ಥಳೀಯ ಆಡಳಿತವೇ ನಡೆಸುತ್ತದೆ. 2010ರಲ್ಲಿ ಅಲ್ಲಿನ ಮತದಾರರು 26ನೇ ಪ್ರಸ್ತಾವವನ್ನು ಒಪ್ಪಿ ಸಂವಿಧಾನಕ್ಕೇ ತಿದ್ದುಪಡಿ ತಂದರು: ಸೇವೆಯ ನ್ಯಾಯವಾದ ಖರ್ಚನ್ನು ಮೀರಿದ ಶುಲ್ಕ ತೆರಿಗೆ ಎನಿಸುತ್ತದೆ, ಮೀರಿಲ್ಲ ಎಂದು ಸಾಬೀತು ಮಾಡುವ ಹೊಣೆ ಆಡಳಿತದ್ದು. ಶೀರೂರು ಮಠದ ತೀರ್ಪು ಹೇಳಿದ್ದ ತತ್ವಕ್ಕೆ ಇದು ಬಹಳ ಹತ್ತಿರ. ಅಲ್ಲಿ ಲೆಕ್ಕ ತೋರಿಸುವುದು ಆಡಳಿತದ ಕರ್ತವ್ಯ. ಇಲ್ಲಿ ಲೆಕ್ಕ ಕೇಳಲು ನಾಗರಿಕರು ನ್ಯಾಯಾಲಯದವರೆಗೆ ಹೋಗಬೇಕಾದೀತು. ಈ ವ್ಯತ್ಯಾಸವನ್ನು ಗ್ರಾಮ ಪಂಚಾಯಿತಿ ತಾನಾಗಿಯೇ ಅಳಿಸಬಹುದು, ಅದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಿಲ್ಲ.

ಹಾಗೆ ನೋಡಿದರೆ ಹಳ್ಳಿಯವರು ಆರೋಗ್ಯಕ್ಕೆ ಈಗಾಗಲೇ ಹಣ ಕೊಡುತ್ತಿದ್ದಾರೆ. 1962ರ ಆರೋಗ್ಯ ಕರ ಕಾಯ್ದೆಯಂತೆ ಮನೆ ತೆರಿಗೆಯ ಮೇಲೆ ಶೇ 15 ಆರೋಗ್ಯ ಕರ ಬೀಳುತ್ತದೆ. ತೆರಿಗೆ ಪಾವತಿಯನ್ನು ಬಿಡಿಸಿ ನೋಡಿದರೆ ಗ್ರಂಥಾಲಯ ಕರದ ಪಕ್ಕದಲ್ಲಿ ಆ ಸಾಲು ಕಾಣುತ್ತದೆ. ನೀರಿನ ಬಾಟಲಿಗೆ ಮತ್ತೆ ದರ ಹೇಳುವ ಮೊದಲು ಆ ಸಾಲಿನ ಹಣ ಎಲ್ಲಿ ಹೋಗುತ್ತದೆ ಎಂದು ಕೇಳುವ ಹಕ್ಕು ಪಾವತಿ ಕೈಯಲ್ಲಿ ಹಿಡಿದವರಿಗೆಲ್ಲ ಇದೆ.

ಬಳಿಚಕ್ರ ಇರಲಿ, ಜಿಲ್ಲೆಯ ಯಾವ ಊರೇ ಇರಲಿ, ಮುಂದಿನ ಗ್ರಾಮಸಭೆಗೆ ಹೋಗುವವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಸದಸ್ಯರ ಮುಂದೆ ಈ ಮಾತು ಎತ್ತಬೇಕು. ದೊಡ್ಡಿಯ ದಂಡ ಎಷ್ಟು, ಮೇವಿನ ದರ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದ ಫಲಕ ದೊಡ್ಡಿಯ ಗೋಡೆಯ ಮೇಲೆ ಇರಲಿ. ಮೇವಿನ ದರವನ್ನು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ ಮರುನೋಡುವ ಠರಾವು ಆಗಲಿ. ಬಡವರ ವಿನಾಯಿತಿ ಅದರಲ್ಲೇ ಬರಲಿ. ಊರಿನ ಪ್ರತಿ ಕೊಳವೆಬಾವಿಯ ನೀರನ್ನು ಮಳೆಗಾಲದ ಮೊದಲೊಮ್ಮೆ, ನಂತರ ಒಮ್ಮೆ ಪಂಚಾಯಿತಿಯ ಖರ್ಚಿನಲ್ಲೇ ಪರೀಕ್ಷಿಸಿ, ಬಂದ ಫಲಿತಾಂಶವನ್ನು ಪಂಚಾಯಿತಿ ಕಟ್ಟಡದ ಹೊರಗೆ ಹಚ್ಚಲಿ. ಕೇಳಿದ್ದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕುವ ಮೊದಲು ಒಮ್ಮೆ ಓದಿ ಹೇಳಿಸಿಕೊಳ್ಳಿ.